ಹಾಡಿನ ಪೆಟ್ಟಿಗೆ ಮತ್ತು ಕೆಂಪು ತ್ರಿಕೋನ

ಕಬ್ಬಿನ ಹಂಗಾಮು ಸುರುವಾಯಿತೆಂದರೆ ನಮ್ಮ ರಾಮದುರ್ಗ ತಾಲೂಕಿನ ಹಾದಿಗಳಿಗೆ ರಾತ್ರಿ ಎಂಬುದೇ ಇಲ್ಲವಾಗುತ್ತದೆ. ಬೆನ್ನಿಗೆ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಎರಡೂ ಮಗ್ಗುಲಿಗೆ ಹೊರಚಾಚಿದ ಕಬ್ಬಿನ ಗಳಗಳು, ಮುಂದೆ ಕಿವಿ ಗಡಚಿಕ್ಕುವ ಹಾಡು, ಹಿಂದೆ ಗವ್ವೆನ್ನುವ ಕತ್ತಲೆ. ಎರಡು ವರ್ಷಗಳ ಹಿಂದೆ ಇಂಥದೊಂದು ರಾತ್ರಿ ರಾಮದುರ್ಗದಿಂದ ನನ್ನ ಊರಾದ ಸುರೇಬಾನಕ್ಕೆ ಒಬ್ಬನೇ ಕಾರು ನಡೆಸಿಕೊಂಡು ಬರುತ್ತಿದ್ದೆ. ಹಾದಿ ಪರಿಚಿತವಾದುದು, ಬಾಲ್ಯದಿಂದ ಕಂಡದ್ದು. ಪರಿಚಯವೇ ಅಲಕ್ಷ್ಯಕ್ಕೆ ತಾಯಿ. ಕಾರಿನಲ್ಲಿ ಒಂದು ಹಾಡು ಮುಗಿದು ಇನ್ನೊಂದು ಮೊದಲಾಯಿತು. ಅದು ಆ ಹೊತ್ತಿನ ನನ್ನ ಮನಸ್ಸಿಗೆ ಒಗ್ಗಲಿಲ್ಲ. ಎದುರಿನ ಹಲಗೆಯಲ್ಲಿ ಹೊಳೆಯುತ್ತಿದ್ದ ಪರದೆಯ ಮೇಲೆ ಬೆರಳಿಟ್ಟು ಬೇರೆ ಹಾಡನ್ನು ಹುಡುಕತೊಡಗಿದೆ.

ಎಷ್ಟು ಹೊತ್ತು ಹುಡುಕಿದೆನೋ ತಿಳಿಯದು. ಮುಂದಿನ ಗಾಲಿ ಏನಕ್ಕೋ ಬಡಿದು ಕಾರು ಧಡಕ್ಕನೆ ಕುಲುಕಿತು. ತಲೆಯೆತ್ತಿ ನೋಡಿದರೆ ಎದುರಿಗೆ ಕಬ್ಬಿನ ಗುಡ್ಡ! ಗಾಲಿ ಮುರಿದ ಟ್ರೇಲರೊಂದು ಹಾದಿಯ ಅರ್ಧವನ್ನು ಆಕ್ರಮಿಸಿ ನಿಂತಿತ್ತು. ಅದಕ್ಕೆ ದೀಪವಿರಲಿಲ್ಲ, ಹಿಂದೆ ಇಪ್ಪತ್ತು ಮಾರು ದೂರದಲ್ಲಿ ನಾಲ್ಕು ಕಲ್ಲುಗಳನ್ನೂ ಒಂದು ಬೇವಿನ ಟೊಂಗೆಯನ್ನೂ ಇಟ್ಟಿದ್ದರು. ನನ್ನ ಗಾಲಿ ಬಡಿದದ್ದು ಆ ಕಲ್ಲಿಗೆ. ಬಲವೆಲ್ಲ ಹಾಕಿ ಬ್ರೇಕು ಒತ್ತಿದೆ. ಕಬ್ಬಿನ ತುದಿಗೂ ನನ್ನ ಗಾಜಿಗೂ ನಡುವೆ ಒಂದು ಮೊಳ ಉಳಿಯಿತು.

ಹಿಂದಿನಿಂದ ಯಾರಾದರೂ ಬಂದಾರೆಂಬ ಭಯದಿಂದ, ನಾಲ್ಕೂ ಇಂಡಿಕೇಟರುಗಳನ್ನು ಒಮ್ಮೆಲೇ ಮಿನುಗಿಸುವ ಕೆಂಪು ತ್ರಿಕೋನದ ಗುಂಡಿಗಾಗಿ ಕೈ ಚಾಚಿದೆ. ಪರದೆಯ ಕೆಳಗೆ ಒಂದೇ ಆಕಾರದ ಆರೇಳು ಗುಂಡಿಗಳು ಸಾಲಾಗಿದ್ದವು. ಗಾಬರಿಯಲ್ಲಿ ಮಗ್ಗುಲಿನದನ್ನು ಒತ್ತಿದೆ. ಹಾಡು ಇನ್ನಷ್ಟು ಜೋರಾಯಿತು. ಅಷ್ಟರಲ್ಲಿ ಟ್ರ್ಯಾಕ್ಟರಿನ ಯಜಮಾನ ಓಡಿಬಂದು ಗಾಜು ಬಡಿದ. ಬಯ್ಯುತ್ತಾನೆಂದುಕೊಂಡೆ, ಅವನು ಬಯ್ಯಲಿಲ್ಲ. “ಎಷ್ಟ ಒದರಿದ್ನಿರೀ ಸಾಹೇಬ್ರ! ನಿಮ್ಮ ಗಾಡ್ಯಾಗಿನ ಹಾಡ ನನಗ ಕೇಳತಿತ್ತು; ನನ್ನ ದನಿ ನಿಮಗ ಕೇಳಲಿಲ್ಲ ನೋಡ್ರಿ” ಎಂದ.

ಕನ್ನಡ ಕಲಿಸುವವನು ನಾನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಕಾರೆಂಬ ಪೆಟ್ಟಿಗೆಯಲ್ಲಿ ಎರಡು ಬಗೆಯ ಸಲಕರಣೆಗಳಿವೆ. ಒಂದು, ಅಪಾಯವನ್ನು ಹೊರಗಿನವರಿಗೆ ಸಾರುವುದು. ಇನ್ನೊಂದು, ಒಳಗಿನವರನ್ನು ರಂಜಿಸುವುದು. ಇವೆರಡೂ ಎಲ್ಲಿಂದ ಬಂದವು, ಒಂದೇ ಹಲಗೆಯ ಮೇಲೆ ಹೇಗೆ ಕೂತವು, ಕೂತ ಮೇಲೆ ಯಾವುದು ಯಾವುದನ್ನು ಮೀರಿತು? ಬಿಡುವು ದೊರೆತಾಗಲೆಲ್ಲ ಇದನ್ನು ಓದಿಕೊಂಡೆ. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೊದಲು ನಮ್ಮ ಹಾದಿಯಿಂದಲೇ ಹೊರಡೋಣ. ನನ್ನ ಅಜ್ಜನಿಗೊಂದು ಚಕ್ಕಡಿ ಇತ್ತು. ಗೊಡಚಿಯ ವೀರಭದ್ರ ದೇವರ ಜಾತ್ರೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಮನೆಮಂದಿಯೆಲ್ಲ ಅದರಲ್ಲಿ ಹೋಗುತ್ತಿದ್ದೆವು. ಹೊರಡುವ ಮುನ್ನ ಎತ್ತುಗಳ ಕೊರಳಿಗೆ ಗೆಜ್ಜೆಯ ಸರ ಕಟ್ಟುವುದು, ಅಚ್ಚಿನ ಕೆಳಗೆ ಕಂದೀಲು ತೂಗುಹಾಕುವುದು ತಪ್ಪದ ಪದ್ಧತಿ. ಗೆಜ್ಜೆ ಚೆಲುವಿಗೆಂದು ನಾವು ಹುಡುಗರು ತಿಳಿದಿದ್ದೆವು. ಒಮ್ಮೆ ಕೇಳಿದಾಗ ಅಜ್ಜ, “ಕತ್ತಲಾಗ ನಮ್ಮ ಬಂಡಿ ಎದುರಿನಾವಗ ಕಾಣೂದಿಲ್ಲೋ ತಮ್ಮಾ, ಕೇಳತೈತಿ” ಎಂದಿದ್ದ. ಇಂದು ವಿಚಾರಿಸಿ ನೋಡಿದರೆ ಆ ಗೆಜ್ಜೆಯ ವಿಶೇಷ ತಿಳಿಯುತ್ತದೆ. ಅದು ಎಚ್ಚರಿಕೆಯೂ ಹೌದು, ಸಂಗೀತವೂ ಹೌದು. ಒಳಗೆ ಕೂತವರಿಗೆ ಯಾವುದು ಹಾಡೋ ಹೊರಗೆ ನಡೆಯುವವರಿಗೆ ಅದೇ ಸುದ್ದಿ. ಬಂಡಿ ನಿಂತರೆ ಅದೂ ನಿಲ್ಲುತ್ತಿತ್ತು. ಬಂಡಿ ಓಡಿದರೆ ಅದೂ ಓಡುತ್ತಿತ್ತು. ಕೇಳುವುದಕ್ಕೆ ಕಣ್ಣು ಬೇಡ, ಬಾರಿಸುವುದಕ್ಕೆ ಕೈ ಬೇಡ.

ಕಾರಿನ ಎದುರಿನ ಹಲಗೆಗೆ ಎಲ್ಲರೂ ‘ಡ್ಯಾಶ್‌ಬೋರ್ಡ್’ ಎನ್ನುತ್ತಾರೆ. ಈ ಶಬ್ದವೂ ಬಂಡಿಯ ಕಾಲದ್ದೇ. ಪಶ್ಚಿಮದ ಕುದುರೆಗಾಡಿಗಳಲ್ಲಿ ಓಡುವ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸಾರಥಿಯ ಮೈಗೆ ತಾಕಬಾರದೆಂದು ಮುಂದುಗಡೆ ಕಟ್ಟಿಗೆಯ ಇಲ್ಲವೆ ತೊಗಲಿನ ಹಲಗೆಯನ್ನು ನಿಲ್ಲಿಸುತ್ತಿದ್ದರು. ಸಿಡಿತ ತಡೆಯುವ ಹಲಗೆ – ಅದೇ ಡ್ಯಾಶ್‌ಬೋರ್ಡ್. ಕುದುರೆ ಹೋಯಿತು, ಕೆಸರೂ ಹೋಯಿತು. ಹಲಗೆ ಮಾತ್ರ ಉಳಿಯಿತು. ಅದರ ಮೇಲೆ ಮೊದಲು ವೇಗ ತೋರಿಸುವ ಮುಳ್ಳು ಬಂತು, ಆಮೇಲೆ ದೀಪದ ಗುಂಡಿ ಬಂತು, ತರುವಾಯ ರೇಡಿಯೋ ಬಂತು. ಚಾಲಕನನ್ನು ಕಾಯಲು ಹುಟ್ಟಿದ ಹಲಗೆ ಅವನ ಕಣ್ಣನ್ನು ಸೆಳೆಯುವ ಅಂಗಡಿಯ ಕಟ್ಟೆಯಾಗಿ ಬೆಳೆಯಿತು.

ಹೊರಗಿನವರಿಗೆ ಎಚ್ಚರಿಕೆ ಕೊಡುವ ಸಲಕರಣೆಗಳಲ್ಲಿ ಮೊದಲನೆಯದು ಯಂತ್ರವಲ್ಲ, ಮನುಷ್ಯ. ಇಂಗ್ಲೆಂಡಿನಲ್ಲಿ ಉಗಿಯಂತ್ರದ ಬಂಡಿಗಳು ರಸ್ತೆಗಿಳಿದಾಗ ಜನ ಅಂಜಿದರು, ಕುದುರೆಗಳು ಬೆದರಿದವು. 1865ರಲ್ಲಿ ಅಲ್ಲಿ ಒಂದು ಕಾಯಿದೆಯಾಯಿತು. ಊರ ಹೊರಗೆ ಗಂಟೆಗೆ 4 ಮೈಲು, ಊರೊಳಗೆ 2 ಮೈಲು – ಇದಕ್ಕಿಂತ ಹೆಚ್ಚಿನ ವೇಗ ಸಲ್ಲದು. ಬಂಡಿಯ ಮುಂದೆ 60 ಗಜ ದೂರದಲ್ಲಿ ಒಬ್ಬನು ಕೆಂಪು ನಿಶಾನೆ ಹಿಡಿದು ನಡೆಯತಕ್ಕದ್ದು. ಇಂದು ನಗೆ ಬರುತ್ತದೆ, ನಿಜ. ಆದರೆ ನಮ್ಮ ಕಡೆ ಲಾರಿ ಹಿಂದೆ ಸರಿಯುವಾಗ ಕ್ಲೀನರ್ ಹುಡುಗ ಅಂಗೈಯಿಂದ ಮಗ್ಗುಲು ಬಡಿಯುತ್ತ “ಬರ್ಲಿ, ಬರ್ಲಿ, ಹೋಲ್ಡಾನ್” ಎಂದು ಕೂಗುವುದಿಲ್ಲವೆ? ಅವನು ಆ ನಿಶಾನೆಯವನ ವಂಶಸ್ಥನೇ. ಬಸ್ಸಿನ ಕಂಡಕ್ಟರನ ಸೀಟಿ, ಹಗ್ಗ ಎಳೆದು ಬಾರಿಸುತ್ತಿದ್ದ ಗಂಟೆ ಇವೆಲ್ಲವೂ ಅದೇ ವಂಶಕ್ಕೆ ಸೇರಿದವು.

1896ರಲ್ಲಿ ಇಂಗ್ಲೆಂಡು ಹಗುರ ಮೋಟಾರುಗಳನ್ನು ಆ ಹಳೆಯ ಕಟ್ಟಳೆಯಿಂದ ಬಿಡುಗಡೆ ಮಾಡಿತು. ಅದೇ ವರ್ಷ ಅಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಣ್ಣುಮಗಳು ಮೋಟಾರಿಗೆ ಸಿಕ್ಕು ಸತ್ತಳು. ಆ ದೇಶದಲ್ಲಿ ಮೋಟಾರು ಕಾರು ಬಡಿದು ಸತ್ತ ಮೊದಲ ಪಾದಚಾರಿ ಅವಳು. ಗಂಟೆ ಬಾರಿಸಿದೆ, ಸರಿಯಿರೆಂದು ಕೂಗಿದೆ ಎಂದು ಚಾಲಕ ವಿಚಾರಣೆಯಲ್ಲಿ ಹೇಳಿದ. ಎಚ್ಚರಿಕೆ ಕೊಟ್ಟದ್ದು ನಿಜವಿರಬಹುದು. ಅದು ತಲುಪಬೇಕಾದವರಿಗೆ ಹೊತ್ತಿನಲ್ಲಿ ತಲುಪಲಿಲ್ಲ. ಮುಂದಿನ ನೂರು ವರ್ಷಗಳ ಇತಿಹಾಸವೆಲ್ಲ ಈ ಒಂದು ಕೊರತೆಯನ್ನು ತುಂಬುವ ಪ್ರಯತ್ನವೆನ್ನಬಹುದು.

ಗಂಟೆಯ ತರುವಾಯ ರಬ್ಬರಿನ ಗುಂಡು ಹಿಸುಕಿ ಊದುವ ‘ಪೋಂ ಪೋಂ’ ಹಾರ್ನು ಬಂತು. 1908ರ ಹೊತ್ತಿಗೆ ವಿದ್ಯುತ್ತಿನಿಂದ ಕಿರಿಚುವ ಕ್ಲಾಕ್ಸನ್ ಬಂತು. ನಮ್ಮ ದೇಶದಲ್ಲಿ 1914ರಲ್ಲಿ ಮೊದಲ ಮೋಟಾರು ವಾಹನ ಕಾಯಿದೆಯಾಯಿತು. 1939ರಲ್ಲಿ ಎರಡನೆಯದು, 1988ರಲ್ಲಿ ಇಂದಿನದು. ಹಾರ್ನು ದೂರದಿಂದ ಕೇಳಿಸುತ್ತಿತ್ತಾದರೂ ಅದಕ್ಕೆ ಮಾತು ಬರುತ್ತಿರಲಿಲ್ಲ. ‘ನಾನಿದ್ದೇನೆ’ ಎಂದು ಕೂಗಬಲ್ಲುದೇ ಹೊರತು ‘ನಾನು ಬಲಕ್ಕೆ ಹೊರಳುತ್ತೇನೆ’, ‘ನಾನು ನಿಲ್ಲುತ್ತೇನೆ’ ಎಂದು ಹೇಳಲಾರದು. ಆ ಕೆಲಸವನ್ನು ಚಾಲಕನ ಬಲಗೈ ಮಾಡುತ್ತಿತ್ತು. ಹಳೆಯ ಬಸ್ಸು ಲಾರಿಗಳ ಡ್ರೈವರರು ಕಿಟಕಿಯಿಂದ ತೋಳು ಹೊರಚಾಚಿ, ಅಂಗೈಯನ್ನು ಮೇಲೆ ಕೆಳಗೆ ಆಡಿಸಿ, ವರ್ತುಲವಾಗಿ ತಿರುಗಿಸಿ ಹಿಂದಿನವನೊಡನೆ ಮಾತಾಡುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಆ ಕೈ ಹೊರಗಿರುವಷ್ಟು ಹೊತ್ತು ಬೇರಾವ ಗುಂಡಿಯನ್ನೂ ತಿರುವುವಂತಿರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಯೂರೋಪಿನ ಕಾರುಗಳಲ್ಲಿ ಕೈಗೆ ಬದಲು ಕಂಬದಿಂದ ಮೇಲೇಳುವ ಸಣ್ಣ ರೆಕ್ಕೆಗಳು ಬಂದವು. ಅಮೇರಿಕದಲ್ಲಿ ಬ್ಯೂಕ್ ಕಾರು 1939ರ ಮಾದರಿಯಲ್ಲಿ ಮಿನುಗುವ ದೀಪಗಳನ್ನು ತಂದಿತು. ನಾಲ್ಕು ಮೂಲೆಗೆ ನಾಲ್ಕು ದೀಪ ಬಂದ ಮೇಲೆ ಮುಂದಿನ ಹೆಜ್ಜೆ ಬಹಳ ಸುಲಭ. ಎಡದ್ದೊಂದೇ ಮಿನುಗಿದರೆ ಎಡಕ್ಕೆ, ಬಲದ್ದೊಂದೇ ಮಿನುಗಿದರೆ ಬಲಕ್ಕೆ. ನಾಲ್ಕೂ ಒಮ್ಮೆಲೇ ಮಿನುಗಿದರೆ? ‘ನಾನು ಎತ್ತಲೂ ಹೋಗಲಾರೆ, ನನ್ನನ್ನು ತಪ್ಪಿಸಿಕೊಂಡು ಹೋಗು’ ಎಂದರ್ಥ. ಹ್ಯಾಜರ್ಡ್ ದೀಪದ ಭಾಷೆ ಇಷ್ಟೇ. 1960ರ ದಶಕದ ಕೊನೆಗೆ ಅಮೇರಿಕ ಇದನ್ನು ಹೊಸ ಕಾರುಗಳಿಗೆಲ್ಲ ಕಡ್ಡಾಯಗೊಳಿಸಿತು. ಕೀಲಿ ತೆಗೆದರೂ ಇದು ಉರಿಯಬೇಕೆಂಬುದು ಇದರ ಕಟ್ಟಳೆ. ಸತ್ತ ಯಂತ್ರವೂ ಮಾತಾಡಬೇಕಲ್ಲ! ಅದೇ ಕಾಲಕ್ಕೆ, 1968ರ ನವೆಂಬರ್ 8ರಂದು ವಿಯೆನ್ನಾದಲ್ಲಿ ಆದ ರಸ್ತೆ ಸಂಚಾರದ ಅಂತರರಾಷ್ಟ್ರೀಯ ಒಪ್ಪಂದವು, ಕೆಟ್ಟು ನಿಂತ ಗಾಡಿಯ ಹಿಂದೆ ಇಡುವ ಕೆಂಪು ತ್ರಿಕೋನಕ್ಕೂ ಸ್ಥಾನ ಕೊಟ್ಟಿತು. ಈ ತ್ರಿಕೋನಕ್ಕೆ ಬ್ಯಾಟರಿ ಬೇಡ, ತಂತಿ ಬೇಡ. ಬರುವವನ ದೀಪದ ಬೆಳಕನ್ನೇ ಅವನ ಕಣ್ಣಿಗೆ ಮರಳಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಪೊಲೀಸರು ಟ್ರೇಲರುಗಳ ಬೆನ್ನಿಗೆ ಅಂಟಿಸುವ ಹೊಳೆಯುವ ಪಟ್ಟಿಯದೂ ಇದೇ ಗುಣ.

ನಮ್ಮವರ ಕಲ್ಲು-ಟೊಂಗೆಗಳನ್ನು ಇಲ್ಲಿ ಹಗುರಾಗಿ ಕಾಣಬಾರದು. ವಿಯೆನ್ನಾದ ಹೆಸರು ಕೇಳದ ಒಕ್ಕಲಿಗನೂ ಅದೇ ತತ್ವವನ್ನು ಕಂಡುಕೊಂಡಿದ್ದಾನೆ: ಅಪಾಯದ ಗುರುತು ಅಪಾಯಕ್ಕಿಂತ ಹಿಂದೆ ಇರಬೇಕು. ಹಸಿರು ಟೊಂಗೆ ನಡುಹಾದಿಯಲ್ಲಿ ಬಿದ್ದಿದ್ದರೆ ಮುಂದೆ ಏನೋ ಕೆಟ್ಟಿದೆಯೆಂದು ನಮ್ಮ ಸೀಮೆಯ ಮಕ್ಕಳಿಗೂ ತಿಳಿದಿದೆ. ಆದರೆ ಇದರಲ್ಲಿ ಎರಡು ದೋಷಗಳಿವೆ. ಕಲ್ಲು ಕತ್ತಲಲ್ಲಿ ಹೊಳೆಯುವುದಿಲ್ಲ. ಗಾಡಿ ದುರಸ್ತಾಗಿ ಹೋದ ಮೇಲೂ ಕಲ್ಲು ಹೋಗುವುದಿಲ್ಲ. ನಿನ್ನೆ ಒಬ್ಬನನ್ನು ಕಾಯ್ದ ಕಲ್ಲು ಇಂದು ಬೈಸಿಕಲ್ಲಿನವನೊಬ್ಬನನ್ನು ಕೆಡವುತ್ತದೆ.

ಇನ್ನು ಹಾಡಿನ ಪೆಟ್ಟಿಗೆಯ ಕಥೆ. ರೇಡಿಯೋ ಕಾರಿಗೆ ಬಂದದ್ದು ಬರಿಯ ರಂಜನೆಗಾಗಿ ಎಂದೇ ನಾನು ತಿಳಿದಿದ್ದೆ. ಹಾಗಿಲ್ಲ. 1922ರ ಸುಮಾರಿಗೇ ಅಮೇರಿಕದಲ್ಲಿ ಕಾರುಗಳಿಗೆ ರೇಡಿಯೋ ಕೂಡಿಸಿ ನೋಡಿದ್ದರೂ, 1928ರಲ್ಲಿ ಡೆಟ್ರಾಯಿಟಿನ ಪೊಲೀಸರು ತಮ್ಮ ಕಾರುಗಳಿಗೆ ಅದನ್ನು ಅಳವಡಿಸಿದ್ದು ಕಳ್ಳರನ್ನು ಹಿಡಿಯುವ ಕರೆಗಳಿಗಾಗಿ. ಅಲ್ಲೊಂದು ವಿನೋದವಿದೆ. ಪೊಲೀಸರ ಆ ಮೊದಲ ಕೇಂದ್ರಕ್ಕೆ ಸರಕಾರ ಕೊಟ್ಟ ಪರವಾನಗಿ ಮನರಂಜನೆಯ ಕೇಂದ್ರವೆಂದು! ಆದುದರಿಂದ ಕಳ್ಳತನದ ಸುದ್ದಿಯ ನಡುನಡುವೆ ಅವರು ಸಂಗೀತವನ್ನೂ ಬಿತ್ತರಿಸಬೇಕಾಗಿತ್ತು. ಅಪಾಯವೂ ವಿನೋದವೂ ಒಂದೇ ದನಿಯಲ್ಲಿ ಸಿಕ್ಕಿಕೊಂಡಾಗ ಆಗುವ ಫಜೀತಿಗೆ ಇದು ಮೊದಲ ಉದಾಹರಣೆ.

1930ರಲ್ಲಿ ಪಾಲ್ ಗ್ಯಾಲ್ವಿನ್ ಎಂಬ ಉದ್ಯಮಿ ತನ್ನ ಕಾರಿಗೆ ರೇಡಿಯೋ ಕೂಡಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ನೆರೆದಿದ್ದ ರೇಡಿಯೋ ತಯಾರಕರ ಸಮ್ಮೇಳನದ ಹೊರಗೆ ನಿಲ್ಲಿಸಿ, ಜೋರಾಗಿ ಹಚ್ಚಿ ಗಿರಾಕಿಗಳನ್ನು ಕೂಡಿಸಿದನು. ಅದಕ್ಕೆ ‘ಮೋಟೊರೋಲಾ’ ಎಂದು ಹೆಸರಿಟ್ಟನು. ಕೂಡಲೇ ವಿರೋಧವೂ ಎದ್ದಿತು. ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ, ಸೇಂಟ್ ಲೂಯಿಸ್ ನಗರದಲ್ಲಿ ಕಾರಿನ ರೇಡಿಯೋ ನಿಷೇಧಿಸಬೇಕೆಂಬ ಸೂಚನೆಗಳು ಬಂದವು. ಗುಂಡಿ ತಿರುವಲು ಹೋಗಿ ಚಾಲಕ ಹಾದಿ ಮರೆಯುತ್ತಾನೆ, ಹಾಡು ಕೇಳಿ ತೂಕಡಿಸುತ್ತಾನೆ ಎಂಬುದು ಅವರ ವಾದ. ನಿಷೇಧ ನಿಲ್ಲಲಿಲ್ಲ. 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಕೂಡ ಕಾರಿನ ರೇಡಿಯೋ ತಂದಿತು. 1955ರ ಕೊನೆಗೆ ಕ್ರೈಸ್ಲರ್ ಕಂಪನಿಯು ಕಾರಿನಲ್ಲಿ ಗ್ರಾಮಫೋನನ್ನೇ ಕೂಡಿಸಿತು. ನಿಮಿಷಕ್ಕೆ 16⅔ ಸುತ್ತು ತಿರುಗುವ ವಿಶೇಷ ತಟ್ಟೆಗಳು ಬೇರೆ. ಓಡುವ ಗಾಡಿಯಲ್ಲಿ ತಟ್ಟೆ ಬದಲಿಸುವ ಚಾಲಕನ ಚಿತ್ರವನ್ನು ವಾಚಕರು ಊಹಿಸಿಕೊಳ್ಳಲಿ! ಅದು ಬಹಳ ಕಾಲ ಬಾಳಲಿಲ್ಲ.

ನಮ್ಮ ಕಡೆ ರೇಡಿಯೋ ಎಂದರೆ 1950ರ ಜನವರಿ 8ರಂದು ಮೊದಲಾದ ಧಾರವಾಡದ ನಿಲಯ. ರಾಮದುರ್ಗ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಕನ್ನಡ ನಾಡು ಒಂದಾಗಲು ಇನ್ನೂ ಆರು ವರ್ಷ ಬೇಕಾಗಿತ್ತು. ಆ ದಿನಗಳಲ್ಲಿ ರೇಡಿಯೋ ಇಟ್ಟುಕೊಳ್ಳಲು ಪರವಾನಗಿ ಬೇಕು. ಟಪಾಲು ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಬೇಕು. 1980ರ ದಶಕದ ನಡುವಿನಲ್ಲಿ ಆ ಪದ್ಧತಿ ಹೋಯಿತು. ನಮ್ಮ ಹಾದಿಗಳಿಗೆ ಹಾಡನ್ನು ನಿಜವಾಗಿ ತಂದದ್ದು ರೇಡಿಯೋ ಅಲ್ಲ, ಕ್ಯಾಸೆಟ್ಟು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಚಿಕ್ಕ ಡಬ್ಬಿ, ನಾವು ಶಾಲೆಗೆ ಹೋಗುವ ಕಾಲಕ್ಕೆ ಪ್ರತಿಯೊಂದು ಟೆಂಪೋದಲ್ಲಿಯೂ ನೆಲೆಸಿತ್ತು. ಗೀಗೀ ಪದ, ಭಜನೆ, ಸಿನಿಮಾ ಹಾಡು ಎಲ್ಲವೂ ಅದರಲ್ಲಿದ್ದವು. ಆದರೂ ಒಂದು ಮಾತು ಹೇಳಬೇಕು. ಕ್ಯಾಸೆಟ್ಟಿನ ಗುಂಡಿಗಳು ದಪ್ಪನಾದವು. ಬೆರಳಿಗೆ ಅವುಗಳ ಗುರುತಿತ್ತು. ಡ್ರೈವರ ಹಾದಿಯ ಮೇಲಿನ ಕಣ್ಣು ಕೀಳದೆಯೇ ಡಬ್ಬಿ ತಿರುವಿ ಹಾಕಬಲ್ಲವನಾಗಿದ್ದ.

ರಂಜನೆ ಅಪಾಯಕ್ಕೆ ದಾರಿ ಬಿಡುವಂತೆ ಮಾಡಿದ ಒಂದು ಸುಂದರ ಪ್ರಯತ್ನವನ್ನೂ ಇತಿಹಾಸ ಕಂಡಿದೆ. 1974ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಬಂದ ಒಂದು ವ್ಯವಸ್ಥೆಯಲ್ಲಿ, ಮುಂದಿನ ಹಾದಿಯಲ್ಲಿ ಅಪಘಾತವೋ ದಟ್ಟಣೆಯೋ ಇದ್ದರೆ ನಿಲಯದಿಂದ ಸನ್ನೆ ಹೊರಡುತ್ತಿತ್ತು. ಕಾರಿನಲ್ಲಿ ಕ್ಯಾಸೆಟ್ಟು ಹಾಡುತ್ತಿದ್ದರೂ ತಾನಾಗಿ ನಿಂತು, ಸುದ್ದಿ ಮುಗಿದ ಮೇಲೆ ಮತ್ತೆ ಹಾಡುತ್ತಿತ್ತು. ಹಾಡು ಮನೆಯ ಮಗಳು, ಎಚ್ಚರಿಕೆ ಮನೆಯ ಹಿರಿಯ; ಹಿರಿಯ ಬಾಯಿ ತೆರೆದಾಗ ಮಗಳು ಸುಮ್ಮನಾಗುವ ಮರ್ಯಾದೆ ಅದರಲ್ಲಿತ್ತು.

ಆ ಮರ್ಯಾದೆ ಕೆಟ್ಟದ್ದು ಪರದೆಯ ಕಾಲಕ್ಕೆ. 1986ರಲ್ಲಿ ಬ್ಯೂಕ್ ರಿವಿಯೇರಾ ಕಾರಿನಲ್ಲಿ ಮುಟ್ಟಿದರೆ ಕೆಲಸ ಮಾಡುವ ಪರದೆ ಬಂತು. ರೇಡಿಯೋ, ತಂಪುಗಾಳಿ ಎಲ್ಲ ಅದರೊಳಗೆ. ಕಣ್ಣು ಹಾದಿಯಿಂದ ಸರಿಯುತ್ತದೆಂಬ ದೂರು ಬಂದು ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಜಗತ್ತು ಆ ಪಾಠವನ್ನು ಮರೆಯಿತು. ಮೊಬೈಲು ಫೋನು ಜನರ ಕೈಸೇರಿದ ಮೇಲೆ ಕಾರಿನ ಹಲಗೆಯೂ ದೊಡ್ಡದೊಂದು ಮೊಬೈಲಾಗಿ ಬೆಳೆಯಿತು. ಗಾಜಿನ ಮೇಲೆ ಬರೆದ ಗುಂಡಿಗೆ ಉಬ್ಬಿಲ್ಲ, ತಗ್ಗಿಲ್ಲ. ಬೆರಳು ಕುರುಡಾಗುತ್ತದೆ, ಆ ಕುರುಡು ಬೆರಳಿಗೆ ಕಣ್ಣೇ ಕೋಲಾಗಬೇಕಾಗುತ್ತದೆ.

ಕಣ್ಣು ಎಷ್ಟು ಹೊತ್ತು ಹೋದೀತು? ಅಮೇರಿಕದ ರಸ್ತೆ ಸುರಕ್ಷತೆಯ ಇಲಾಖೆ 2013ರಲ್ಲಿ ಕಾರು ತಯಾರಕರಿಗೆ ಒಂದು ಮಾರ್ಗಸೂತ್ರ ಕೊಟ್ಟಿತು: ಒಂದು ಸಲದ ನೋಟ 2 ಸೆಕೆಂಡು ಮೀರಬಾರದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡು ಮೀರಬಾರದು. ಲೆಕ್ಕ ಹಾಕಿ ನೋಡೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಎರಡು ಸೆಕೆಂಡಿಗೆ 33 ಮೀಟರು. ಆ ರಾತ್ರಿ ಕಲ್ಲಿಗೂ ಕಬ್ಬಿಗೂ ಇದ್ದ ಅಂತರ ಹೆಚ್ಚು ಕಡಿಮೆ ಇಷ್ಟೇ. ಕಲ್ಲು ಬಡಿದಾಗಲೂ ನಾನು ತಲೆಯೆತ್ತದೆ ಇದ್ದಿದ್ದರೆ ಈ ಲೇಖನ ಬರೆಯುವವನು ಇರುತ್ತಿರಲಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರೆಲ್ಲ ಹಾಡಿನಿಂದ ಸತ್ತವರಲ್ಲ, ನಿಜ. ಆದರೆ ಆ ಸಂಖ್ಯೆಯ ಕೊನೆಯ ಅಂಕಿಯನ್ನು ನೋಡಿದಾಗಲೆಲ್ಲ ನನಗೆ ಒಂದು ಮೊಳದ ಅಂತರ ನೆನಪಾಗುತ್ತದೆ.

ಕಾನೂನು ಸುಮ್ಮನೆ ಕುಳಿತಿಲ್ಲ. ನಮ್ಮ ಮೋಟಾರು ಕಾಯಿದೆಯ 2019ರ ತಿದ್ದುಪಡಿಯಂತೆ ಕೈಯಲ್ಲಿ ಫೋನು ಹಿಡಿದು ಗಾಡಿ ನಡೆಸುವುದು ಅಪಾಯಕಾರಿ ಚಾಲನೆ. ಆ್ಯಂಬುಲೆನ್ಸಿಗೆ ಹಾದಿ ಬಿಡದಿದ್ದರೆ 10,000 ರೂಪಾಯಿ ದಂಡ. ಒಳಗಿನ ಹಾಡು ಸೈರನ್ನಿನ ದನಿಯನ್ನು ನುಂಗಿದರೆ ಹಾದಿ ಬಿಡುವ ಮನಸ್ಸಿದ್ದವನೂ ಬಿಡಲಾರ ಎಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ರಾಜ್ಯದಲ್ಲಿ 2021ರ ನವೆಂಬರಿನಲ್ಲಿ, ಹೈಕೋರ್ಟಿನ ಆದೇಶದ ಮೇಲೆ, ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಪ್ರಯಾಣಿಕರು ಮೊಬೈಲಿನ ಹಾಡನ್ನು ಜೋರಾಗಿ ಹಚ್ಚುವುದನ್ನು ತಡೆದರು. ಆದರೆ ಹಲಗೆಯಲ್ಲಿಯೇ ಕೂತ ಪರದೆ ‘ಕೈಯಲ್ಲಿ ಹಿಡಿದ’ ಸಾಧನವಲ್ಲವಲ್ಲ. ಅಲ್ಲಿ ನಮ್ಮ ವಿವೇಕವೇ ಕಾಯಿದೆ. ಯೂರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯು 2026ರಿಂದ ಹೊಸ ನಿಯಮ ತಂದಿದೆ. ಇಂಡಿಕೇಟರು, ಹ್ಯಾಜರ್ಡ್ ದೀಪ, ಹಾರ್ನು, ವೈಪರು, ತುರ್ತು ಕರೆ ಈ ಐದಕ್ಕೆ ಬೆರಳಿಗೆ ತಾಕುವ ನಿಜವಾದ ಗುಂಡಿಯೋ ಹಿಡಿಕೆಯೋ ಇರದ ಕಾರಿಗೆ ಪೂರ್ಣ ಗುಣಗಳು ಸಿಗಲಾರವು. ನೂರು ವರ್ಷ ಸುತ್ತಿ ಬಂದ ಮೇಲೆ ವಿಜ್ಞಾನ ಹೇಳುವುದೇನು? ಎಚ್ಚರಿಕೆ ಕೊಡಲು ಕಣ್ಣು ಬೇಡವಾಗಿರಬೇಕು. ಅಜ್ಜನ ಗೆಜ್ಜೆಯ ಸರಕ್ಕೆ ಇದು ತಿಳಿದಿತ್ತು.

‘ಹ್ಯಾಜರ್ಡ್’ ಎಂಬ ಶಬ್ದದ ಮೂಲವನ್ನೂ ಹೇಳಿಬಿಡುತ್ತೇನೆ. ಕಲಿಸುವವರ ಚಟ, ಬಿಡದು. ಅರಬ್ಬಿಯಲ್ಲಿ ಪಗಡೆಯ ದಾಳಕ್ಕಿದ್ದ ಹೆಸರಿನಿಂದ ಅದು ಬಂತೆಂದು ಪಂಡಿತರ ಊಹೆ. ಇಂಗ್ಲೆಂಡಿನಲ್ಲಿ ಮೊದಲು ಅದೊಂದು ಜೂಜಿನ ಹೆಸರು, ಅಂದರೆ ಮನರಂಜನೆ. ಆಟದ ಹೆಸರೇ ಅಪಾಯದ ಹೆಸರಾಯಿತು. ಧರ್ಮರಾಯನಿಗಾದರೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಷ್ಟು ಓದಿದ ಮೇಲೆ ನಾನು ಕಲಿತು ನಡೆಸುತ್ತಿರುವುದೇನೆಂದು ಕೇಳಿದರೆ, ಅದು ಬಹಳ ಸರಳ. ನಮ್ಮೂರ ಹತ್ತಿರವೇ ಶಬರಿಕೊಳ್ಳವಿದೆ. ಶಬರಿ ರಾಮನಿಗೆ ಹಣ್ಣು ಕೊಡುವ ಮೊದಲು ತಾನು ಕಚ್ಚಿ ನೋಡಿದಳೆಂಬ ಕಥೆ ಯಾರಿಗೆ ಗೊತ್ತಿಲ್ಲ? ನೋಡುವುದನ್ನೆಲ್ಲ ಮೊದಲೇ ನೋಡಿದಳು. ನಾನೂ ಈಗ ಹೊರಡುವ ಮೊದಲೇ ಹಾಡುಗಳ ಸಾಲನ್ನು ಹಚ್ಚಿಡುತ್ತೇನೆ. ಹಾದಿಯ ನಕಾಶೆಯನ್ನೂ ಆಗಲೇ ಗೊತ್ತುಮಾಡುತ್ತೇನೆ. ಓಡುವಾಗ ಬದಲಿಸಬೇಕೆನಿಸಿದರೆ ಮಗ್ಗುಲಲ್ಲಿ ಕೂತವರು ಬದಲಿಸಬೇಕು. ಒಬ್ಬನೇ ಇದ್ದರೆ ಒಲ್ಲದ ಹಾಡನ್ನೂ ಕೇಳಬೇಕು. ಒಲ್ಲದ ಹಾಡು ಕೇಳಿ ಸತ್ತವರಿಲ್ಲ. ಹೊರಗಿನ ಹಾರ್ನು, ಸೈರನ್ನು, ಮನುಷ್ಯನ ಕೂಗು ಕೇಳಿಸುವಷ್ಟು ದನಿ ಸಾಕು. ಊರೊಳಗೆ ಮಗ್ಗುಲ ಗಾಜನ್ನು ಒಂದಿಷ್ಟು ಇಳಿಸಿಯೇ ಇರುತ್ತೇನೆ. ನಿಂತ ಕಾರಿನಲ್ಲಿ ಕಣ್ಣು ಮುಚ್ಚಿ ಹತ್ತು ಸಲ ಆ ತ್ರಿಕೋನದ ಗುಂಡಿಯನ್ನು ಮುಟ್ಟಿ ಬೆರಳಿಗೆ ರೂಢಿ ಮಾಡಿದ್ದೇನೆ.

ಗಾಡಿ ಕೆಟ್ಟರೆ ಎಡಕ್ಕೆ ಸರಿಸಿ, ನಾಲ್ಕೂ ದೀಪ ಮಿನುಗಿಸಿ, ಒಳಗಿದ್ದವರನ್ನು ಹಾದಿಯಿಂದ ಆಚೆ ಕಳಿಸಬೇಕು. ತ್ರಿಕೋನವನ್ನು ಎದೆಗೆ ಹಿಡಿದು, ಬರುವ ಗಾಡಿಗಳಿಗೆ ಎದುರಾಗಿ ಹಾದಿಯ ಅಂಚಿನಲ್ಲಿ ನಡೆದು, 50 ಮೀಟರಾದರೂ ಹಿಂದೆ ಇಡಬೇಕು. ಹೆದ್ದಾರಿಯಾದರೆ ಇನ್ನೂ ದೂರ, ತಿರುವಿದ್ದರೆ ತಿರುವಿನ ಮೊದಲೇ. ಯಾರಿಗಾದರೂ ಪೆಟ್ಟಾಗಿದ್ದರೆ 108ಕ್ಕೋ 112ಕ್ಕೋ ಕರೆ ಮಾಡಬೇಕು. ಓಡುವ ಗಾಡಿಯಲ್ಲಿ, ಮಳೆಯಲ್ಲಿ, ಚೌಕದಲ್ಲಿ ನೇರ ಹೋಗುತ್ತೇನೆಂದು ತೋರಿಸಲು ನಾಲ್ಕೂ ದೀಪ ಹಚ್ಚುವ ರೂಢಿ ನಮ್ಮಲ್ಲಿ ಬೆಳೆದಿದೆ, ಅದು ತಪ್ಪು. ಆಗ ಹೊರಳುವ ಸನ್ನೆ ಯಾರಿಗೂ ಕಾಣುವುದಿಲ್ಲ. ‘ನಿಂತಿದ್ದೇನೆ’ ಎಂಬ ಮಾತನ್ನು ಓಡುವವನು ಆಡಿದರೆ ನಿಜವಾಗಿ ನಿಂತವನ ಮಾತನ್ನು ಯಾರು ನಂಬಬೇಕು?

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಹಾಡಿಗೂ ಹ್ಯಾಜರ್ಡ್ ದೀಪಕ್ಕೂ ಅನ್ನ ಹಾಕುವುದು ಒಂದೇ ಬ್ಯಾಟರಿ. ಯಂತ್ರ ನಿಂತಾಗ ಅದು ತುಂಬುವುದಿಲ್ಲ, ಬರಿದಾಗುತ್ತಲೇ ಹೋಗುತ್ತದೆ. ಮೆಕ್ಯಾನಿಕ್ಕು ಬರುವ ತನಕ ಬೇಸರ ಕಳೆಯಲೆಂದು ಹಾಡು ಹಚ್ಚಿ ಕೂತರೆ, ಅಷ್ಟು ಬೇಗ ದೀಪದ ಮಿನುಗು ಮಂಕಾಗುತ್ತದೆ. ಆ ಕತ್ತಲಲ್ಲಿ ಯಾರಿಗೆ ಉಣಿಸಬೇಕೆಂಬುದನ್ನು ಚಾಲಕನೇ ತೀರ್ಮಾನಿಸಬೇಕು.

ಆ ರಾತ್ರಿಯ ಕಥೆ ಮುಗಿಸುತ್ತೇನೆ. ಕಾರನ್ನು ಎಡಕ್ಕೆ ಸರಿಸಿ, ಗುಂಡಿಯನ್ನು ಹುಡುಕಿ ದೀಪ ಮಿನುಗಿಸಿ, ಡಿಕ್ಕಿಯಿಂದ ಕೆಂಪು ತ್ರಿಕೋನ ತೆಗೆದೆ. ಕಾರು ಕೊಂಡು ನಾಲ್ಕು ವರ್ಷವಾಗಿದ್ದರೂ ಅದರ ಪ್ಲಾಸ್ಟಿಕ್ಕಿನ ಚೀಲ ಹರಿದಿರಲಿಲ್ಲ. ಕಾಲುಗಳನ್ನು ಬಿಡಿಸಿ ನಿಲ್ಲಿಸುವುದು ಹೇಗೆಂದು ತಿಳಿಯದೆ ಇಬ್ಬರೂ ಮೊಬೈಲಿನ ಬೆಳಕಿನಲ್ಲಿ ಒದ್ದಾಡಿದೆವು. “ಇದ ಇಷ್ಟ ದಿನಾ ಎಲ್ಲಿತ್ರಿ?” ಎಂದ ಯಜಮಾನ. “ಡಿಕ್ಕ್ಯಾಗಿತ್ರಿ ಯಜಮಾನ್ರ.” “ಡಿಕ್ಕ್ಯಾಗಿದ್ರ ಹಿಂದ ಬರಾವಗ ಹ್ಯಾಂಗ ಕಾಣಬೇಕ್ರಿ?” ನನ್ನಲ್ಲಿ ಉತ್ತರವಿರಲಿಲ್ಲ. ಅವನ ಟ್ರೇಲರಿಗೂ ದೀಪವಿರಲಿಲ್ಲವೆಂದು ನಾನು ಹೇಳಬಹುದಾಗಿತ್ತು, ಹೇಳಲಿಲ್ಲ.

ನಡುರಾತ್ರಿಯ ಹೊತ್ತಿಗೆ ಬೇರೆ ಗಾಲಿ ಬಂತು. ಅಲ್ಲಿಯವರೆಗೆ ನಾನೂ ಅವನೂ ಹೊಲದ ಬದುವಿನ ಮೇಲೆ ಕೂತು ಮಾತಾಡಿದೆವು. ಹಾಡು ಬಂದಾಗಿತ್ತು, ದೂರದಿಂದ ಬರುವ ಒಂದೊಂದು ಗಾಡಿಯ ಸದ್ದೂ ಕಿವಿಗೆ ಸ್ಪಷ್ಟವಾಗಿ ಬೀಳುತ್ತಿತ್ತು. ತ್ರಿಕೋನ ಕಂಡು ಎಲ್ಲರೂ ಸಾವಕಾಶ ಮಾಡಿಕೊಂಡು ಮಗ್ಗುಲಿಂದ ಹಾದುಹೋದರು. ಟ್ರ್ಯಾಕ್ಟರು ಹೊರಡುವಾಗ ಅವನು ಹತ್ತಿ ಕೂತವನು ಏನನ್ನೋ ನೆನೆದು ಮತ್ತೆ ಇಳಿದುಬಂದ. ನಾಲ್ಕು ಕಲ್ಲುಗಳನ್ನೂ ಇಬ್ಬರೂ ಕೂಡಿ ಒಂದೊಂದಾಗಿ ಎತ್ತಿ ಬೇಲಿಯ ಬುಡಕ್ಕೆ ಹಾಕಿದೆವು. ಬೇವಿನ ಟೊಂಗೆಯನ್ನು ಅವನು ತನ್ನ ಟ್ರೇಲರಿನ ಹಿಂದೆ ಸಿಗಿಸಿಕೊಂಡ. ಸುರೇಬಾನದವರೆಗೂ ನಾಲ್ಕು ದೀಪ ಮಿನುಗಿಸದೆ, ಹಾಡು ಹಚ್ಚದೆ, ಅವನ ಹಿಂದೆ ಒಂದು ಹದವಾದ ಅಂತರದಲ್ಲಿ ನನ್ನ ಕಾರಿನ ಬೆಳಕನ್ನು ಹಿಡಿದುಕೊಂಡು ಹೋದೆ.